ಹತ್ತು ಜನದ ಸೀಸೆ

ಖಾಲಿ ವ್ಯಾನಿಗೆ ಯಾರೂ ಹತ್ತುವುದಿಲ್ಲ; ತುಂಬುತ್ತಿರುವ ವ್ಯಾನಿಗೆ ಎಲ್ಲರೂ ಹತ್ತುತ್ತಾರೆ. ಮನುಷ್ಯರ ಈ ಒಂದು ಗುಣವನ್ನು ನಂಬಿಕೊಂಡು ಅವನು ಅರ್ಧ ಆಯಸ್ಸು ಕಳೆದಿದ್ದ.

ಅವನ ಕೆಲಸ ಕೂಗುವುದು. ವ್ಯಾನ್ ಸ್ಟ್ಯಾಂಡಿನಲ್ಲಿ ನಿಂತು ಹೋಗುವ ಊರಿನ ಹೆಸರು ಕೂಗಬೇಕು, ಸೀಟು ತುಂಬಿಸಬೇಕು, ಬಾಗಿಲು ಎಳೆದು ವ್ಯಾನಿನ ಬೆನ್ನಿಗೆ ಎರಡೇಟು ತಟ್ಟಬೇಕು. ಆ ತಟ್ಟಿಗೆ ಡ್ರೈವರ್ ಗೇರು ಹಾಕುತ್ತಾನೆ. ಒಳಗೆ ಒಬ್ಬನೇ ಕೂತು ಆಕಳಿಸುತ್ತಿದ್ದರೂ ಅವನು ಕೂಗುತ್ತಿದ್ದುದು "ಒಂದೇ ಸೀಟು, ಒಂದೇ ಸೀಟು" ಎಂದೇ. ಹೀಗಾಗಿ ಬೀದಿಯಲ್ಲಿ ಅವನ ಹೆಸರೂ ಅದೇ ಆಯಿತು. ಪೇಪರ್ ಹಾಕುವವನಿಂದ ಹಿಡಿದು ಪೊಲೀಸರ ತನಕ ಎಲ್ಲರಿಗೂ ಅವನು ಒಂದೇಸೀಟು. ಅವನಿಗೆ ಮದುವೆಯಾಗದ್ದಕ್ಕೂ ಡ್ರೈವರುಗಳು ಆ ಹೆಸರನ್ನೇ ಕಾರಣವಾಗಿ ಕೊಡುತ್ತಿದ್ದರು.

ಯಾವಾಗ ಬಿಡುತ್ತೆ ಎಂದು ಪ್ರಯಾಣಿಕರು ಕೇಳಿದರೆ ಅವನ ಉತ್ತರ "ಈಗ್ಲೇ". ಆ ಸ್ಟ್ಯಾಂಡಿನಲ್ಲಿ ಈಗಲೇ ಎಂಬ ಮಾತಿಗೂ ಗಡಿಯಾರಕ್ಕೂ ಸಂಬಂಧವಿರಲಿಲ್ಲ. ದಾರಿಯಲ್ಲಿ ಟ್ರಾಫಿಕ್ ಇದೆಯಾ? ಇಲ್ಲವೇ ಇಲ್ಲ. ಕಿಟಕಿ ಪಕ್ಕ ಸಿಗುತ್ತಾ? ನಿಮಗೇ ಅಂತ ಇಟ್ಟಿದೀನಿ. ಯಾವ ಪ್ರಶ್ನೆಗೂ ಅವನು ತಡವರಿಸಿದ್ದನ್ನು ಯಾರೂ ನೋಡಿರಲಿಲ್ಲ. ಬಾಯಿದ್ದವನು ಬರಗಾಲದಲ್ಲೂ ಬದುಕಿದ ಎನ್ನುವುದು ಅಂಥವರನ್ನು ನೋಡಿಯೇ ಹುಟ್ಟಿದ ಮಾತಿರಬೇಕು.

ಕೂಗಿಗಿಂತ ಹೆಚ್ಚು ಕೆಲಸ ಮಾಡುತ್ತಿದ್ದುದು ಬೊಂಬೆಗಳು. ಸರದಿಗೆ ಕಾಯುವ ಬೇರೆ ವ್ಯಾನುಗಳ ಡ್ರೈವರುಗಳನ್ನು ಪ್ರಯಾಣಿಕರಂತೆ ಸೀಟಿನಲ್ಲಿ ಕೂರಿಸಿದರೆ ಸ್ಟ್ಯಾಂಡಿನ ಭಾಷೆಯಲ್ಲಿ ಅವರು ಬೊಂಬೆಗಳು. ನಾಲ್ಕು ತಲೆ ಕಂಡರೆ ಐದನೆಯವನು ಹತ್ತುತ್ತಾನೆ. ನಿಜವಾದ ಪ್ರಯಾಣಿಕರು ಬಂದಂತೆಲ್ಲ ಬೊಂಬೆಗಳು ಒಂದೊಂದಾಗಿ ಇಳಿದು ಜಾಗ ಬಿಡುತ್ತವೆ. ಇಂಜಿನ್ ಚಾಲೂ ಆಯಿತೆಂದರೆ ಯಾವ ಬೊಂಬೆಯೂ ಒಳಗಿರಬಾರದು. ಇದು ಅಲ್ಲಿನ ಕಾನೂನು. ಮುರಿದವನು ಮೂರು ಊರು ದಾಟಿ ಇಳಿದ ಕಥೆಯೂ ಇದೆ.

ಸಾಂಕ್ರಾಮಿಕ ಬಂದಾಗ ಮೊದಲು ವ್ಯಾನುಗಳು ನಿಂತವು. ಆಮೇಲೆ ಅರ್ಧ ಸೀಟಿಗೆ ಮಾತ್ರ ಅನುಮತಿ ಸಿಕ್ಕಿತು. ಅರ್ಧ ತುಂಬಿಸುವುದಕ್ಕೆ ಕೂಗುವವನು ಯಾಕೆ ಬೇಕು? ಬಾಯಿಯೇ ಬಂಡವಾಳವಾಗಿದ್ದವನು ಬಾಯಿಗೆ ಬಟ್ಟೆ ಕಟ್ಟಿಕೊಂಡು ಮನೆಯಲ್ಲಿ ಕೂತ.

ಮನೆಯೆಂದರೆ ಮುಚ್ಚಿದ ಸೈಕಲ್ ಅಂಗಡಿಯ ಮೇಲಿನ ಮಹಡಿ. ಒಂದು ರೂಮು, ಒಂದು ಅಡುಗೆಮನೆ, ಬೀದಿಗೆ ತೆರೆಯುವ ಒಂದು ಕಿಟಕಿ. ಅಲ್ಲಿ ಅವನು ಮತ್ತು ಅವನನ್ನು ಸಾಕಿ ಬೆಳೆಸಿದ ಅಕ್ಕ. ಅಕ್ಕ ದೊಡ್ಡ ಹಾಸ್ಟೆಲ್ಲೊಂದರ ಅಡುಗೆಮನೆಯಲ್ಲಿ ಹೊಗೆ ಕುಡಿದೇ ವಯಸ್ಸಾದವಳು. ಎದೆ ಸಿಳ್ಳೆ ಹೊಡೆಯುತ್ತಿತ್ತು. ಮಂಚದಿಂದ ಕಿಟಕಿಗೆ ಬರುವುದೇ ಅವಳ ದಿನದ ಪ್ರಯಾಣ. ಮೆಟ್ಟಿಲು ಇಳಿದು ವರ್ಷಗಳಾಗಿದ್ದವು. ಕುರ್ಚಿಯಲ್ಲಿ ಕೂರಿಸಿ ಇಳಿಸೋಣವೆಂದು ಒಮ್ಮೆ ಡ್ರೈವರುಗಳು ಬಂದಿದ್ದರು. ಮೆಟ್ಟಿಲಿನ ತಿರುವಿನಲ್ಲಿ ಕುರ್ಚಿ ತಿರುಗದೆ ಗೋಡೆಗೆ ಸಿಕ್ಕಿಕೊಂಡಿತು. ಅಕ್ಕ ಅಲ್ಲೇ ಕೂತು, ತನಗಿಂತ ಬೀರುವೇ ವಾಸಿ, ಬಾಗಿಲು ಬಿಚ್ಚಿ ಇಳಿಸಬಹುದು ಎಂದಿದ್ದಳು. ಈ ಎದೆಗೆ ಈ ರೋಗ ಬಂದರೆ ಉಳಿಯುವುದು ಕಷ್ಟ ಎಂದು ಅವಳನ್ನು ನೋಡುವ ಡಾಕ್ಟರು ಫೋನಿನಲ್ಲಿ ಮುಚ್ಚುಮರೆಯಿಲ್ಲದೆ ಹೇಳಿದ್ದರು. ಲಸಿಕೆ ಬಂದ ಕೂಡಲೇ ಹಾಕಿಸಿ ಎಂದೂ ಹೇಳಿದ್ದರು. ಅಕ್ಕನಿಗೆ ಅದರ ಬಗ್ಗೆ ತಕರಾರಿರಲಿಲ್ಲ. ತೋಳು ಇಲ್ಲೇ ಇದೆ, ಸೂಜಿಯನ್ನು ಕರ್ಕೊಂಡು ಬಾ ಎಂದಳು.

ಲಸಿಕೆ ಬಂತು. ವ್ಯಾನ್ ಸ್ಟ್ಯಾಂಡಿನ ಹಿಂದಿನ ಸಾರ್ವಜನಿಕ ವಾಚನಾಲಯದಲ್ಲಿ ಮೇಜುಗಳನ್ನು ಗೋಡೆಗೆ ಸರಿಸಿ, ದೂರ ದೂರ ಕುರ್ಚಿ ಹಾಕಿ ಕೇಂದ್ರ ತೆರೆದರು. ಅಲ್ಲಿಗೆ ಬಂದ ನರ್ಸ್ ಮಧ್ಯವಯಸ್ಸಿನವರು. ಕಡಿಮೆ ಮಾತು, ಆದರೆ ಒಂದೊಂದನ್ನೂ ಎರಡು ಸಲ ಹೇಳುವ ಅಭ್ಯಾಸ. ಎಲ್ಲರೂ ಅವರನ್ನು ಸಿಸ್ಟರ್ ಎನ್ನುತ್ತಿದ್ದರು. ಇವನು ಮೊದಲ ದಿನವೇ ಹೋಗಿ ಅಕ್ಕನ ವಿಷಯ ಹೇಳಿದ. ಹಾಸಿಗೆ ಹಿಡಿದವರಿದ್ದರೆ ಮನೆಗೇ ಬಂದು ಹಾಕುವುದಕ್ಕೆ ಅವಕಾಶವಿದೆ ಎಂದರು ಸಿಸ್ಟರ್. ಆದರೆ ಒಂದು ಸೀಸೆಯಲ್ಲಿ ಹತ್ತು ಜನದ ಮದ್ದು. ಒಮ್ಮೆ ತೆರೆದರೆ ನಾಲ್ಕು ಗಂಟೆಯೊಳಗೆ ಮುಗಿಸಬೇಕು, ಉಳಿದದ್ದನ್ನು ಚೆಲ್ಲಬೇಕು. ಒಬ್ಬರಿಗೋಸ್ಕರ ಸೀಸೆ ತೆರೆಯುವ ಹಾಗಿಲ್ಲ. ಕೇಂದ್ರಕ್ಕೆ ಬಂದವರಿಗೆ ಮೊದಲು, ಮನೆಯಲ್ಲಿರುವವರಿಗೆ ಕೊನೆಗೆ.

"ಒಂಬತ್ತು ಜನ ಬರ್ಲಿ, ತೆರೀತೀನಿ," ಎಂದರು. "ಹತ್ತನೇದು ನಿಮ್ಮಕ್ಕಂದು. ಒಂಬತ್ತು ಬರ್ಲಿ."

ಒಂಬತ್ತು ಜನ ಬರುತ್ತಿರಲಿಲ್ಲ. ಇಬ್ಬರು ಬರುತ್ತಿದ್ದರು, ಮೂವರು ಬರುತ್ತಿದ್ದರು; ಇನ್ನಷ್ಟು ಜನ ಆಗಲಿ ಎಂದರೆ ಸ್ವಲ್ಪ ಹೊತ್ತು ಗೋಡೆಯ ಮೇಲಿನ ಪತ್ರಿಕೆಗಳ ಪಟ್ಟಿ ಓದಿ, ಕೆಲಸವಿದೆ ಎಂದು ಎದ್ದು ಹೋಗುತ್ತಿದ್ದರು. ಅವರು ಹೋಗುವುದನ್ನು ನೋಡಿ ಬರುತ್ತಿದ್ದವರೂ ಗೇಟಿನಿಂದಲೇ ತಿರುಗುತ್ತಿದ್ದರು. ಹೊರಗೆ ಗಾಳಿಸುದ್ದಿ ಬೇರೆ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನಕ್ಕೆ ಎಲ್ಲಿಯೂ ಬರವಿಲ್ಲ. ಸೂಜಿ ಚುಚ್ಚಿದ ಕೈ ಮತ್ತೆ ಮೇಲೇಳುವುದಿಲ್ಲ ಎಂದು ಒಬ್ಬರು ಹೇಳಿದ್ದು ಇನ್ನೊಂದು ಬೀದಿ ತಲುಪುವಷ್ಟರಲ್ಲಿ ಎರಡೂ ಕೈ ಆಗಿತ್ತು.

ಗೇಟಿನ ಬಳಿ ನಿಂತು ನೋಡಿದ ಒಂದೇಸೀಟಿಗೆ ಇದು ಹೊಸ ಕಾಯಿಲೆಯಾಗಿ ಕಾಣಲಿಲ್ಲ. ತುಂಬದ ವ್ಯಾನು, ಅಷ್ಟೇ. ತಾನು ಕೂಗುತ್ತೇನೆ ಎಂದು ಮುಂದೆ ಬಂದ. ಸಿಸ್ಟರ್ ಒಪ್ಪಿದರು, ಆದರೆ ತಾವು ಹೇಳಿಕೊಟ್ಟದ್ದನ್ನಷ್ಟೇ ಕೂಗಬೇಕೆಂದರು: ಹಸಿದ ಹೊಟ್ಟೆಯಲ್ಲಿ ಬರಬಾರದು, ಮಾಸ್ಕ್ ಇರಬೇಕು, ಹಾಕಿಸಿಕೊಂಡ ಮೇಲೆ ಅರ್ಧ ಗಂಟೆ ಇಲ್ಲೇ ಕೂರಬೇಕು, ಒಂದೆರಡು ದಿನ ಜ್ವರ, ಮೈಕೈ ನೋವು ಬಂದರೆ ಗಾಬರಿಯಾಗಬಾರದು. ಅವನು ಅದನ್ನೆಲ್ಲ ಕಿವಿಗೆ ಹತ್ತುವಂತೆ ಕುಗ್ಗಿಸಿ, "ತಿಂದು ಬನ್ನಿ, ಕೂತು ಹೋಗಿ, ಜ್ವರ ಬಂದ್ರೆ ಮಲಗಿ ಏಳಿ" ಎಂದು ಕೂಗತೊಡಗಿದ. ಸ್ವಂತ ಸಿಸ್ಟರಿಗೋಸ್ಕರ ಸರ್ಕಾರಿ ಸಿಸ್ಟರ್ ಹಿಂದೆ ಬಿದ್ದಿದ್ದಾನೆ ಎಂದು ಡ್ರೈವರುಗಳು ನಕ್ಕರು.

ಇದರಿಂದ ಇನ್ನೊಂದು ತೊಡಕು ಹುಟ್ಟಿತು. ವ್ಯಾನಿನ ಸಿಬ್ಬಂದಿಗೆಂದು ಸಾರಿಗೆ ಕಚೇರಿಯ ಅಂಗಳದಲ್ಲಿ ಮೊದಲೇ ಲಸಿಕೆ ಹಾಕಿದ್ದರು, ಅವನದೂ ಆಗಿತ್ತು. ಆದರೆ ಹಾಕಿಸಿಕೊಂಡವರೂ ರೋಗವನ್ನು ಮನೆಗೆ ಹೊತ್ತೊಯ್ಯಬಹುದು, ದಿನವಿಡೀ ಜನರ ನಡುವೆ ನಿಲ್ಲುವವನು ಅಂಥ ಎದೆಯವಳ ಜತೆ ಒಂದೇ ರೂಮಿನಲ್ಲಿ ಮಲಗಬಾರದು ಎಂದರು ಸಿಸ್ಟರ್. ಅಂದಿನಿಂದ ಅವನು ಮೆಟ್ಟಿಲಿನ ತಿರುವಿನಲ್ಲಿ, ಕುರ್ಚಿ ಸಿಕ್ಕಿಕೊಂಡಿದ್ದ ಆ ಜಾಗದಲ್ಲೇ ಚಾಪೆ ಹಾಸಿದ. ಹೊರಗಿನಿಂದ ತಂದ ಊಟದ ಪಾತ್ರೆಯನ್ನು ಮೇಲಿನ ಮೆಟ್ಟಿಲ ಮೇಲಿಟ್ಟು ಕೆಳಗಿಳಿದರೆ ಅಕ್ಕ ಬಂದು ತೆಗೆದುಕೊಳ್ಳುವಳು. ಇಬ್ಬರ ಮಾತುಕತೆಯೂ ಗೋಡೆಯ ಆಚೀಚೆ ನಿಂತೇ. ದೂರ ಕೂತು ನೋಡಿದರೆ ನೀನು ಅಷ್ಟೇನೂ ಕೆಟ್ಟವನಲ್ಲ ಎಂದು ಅಕ್ಕ ಹೇಳಿದಳಂತೆ.

ಎರಡನೆಯ ವಾರ ಕೇಂದ್ರಕ್ಕೆ ಸೂಚನೆ ಬಂತು. ಜನ ಸಾಲದು, ಸೀಸೆಗಳು ತೆರೆಯದೆ ಉಳಿದಿವೆ. ಮುಂದಿನ ಸಲವೂ ಹೀಗಾದರೆ, ಇಲ್ಲವೇ ತೆರೆದದ್ದನ್ನು ಚೆಲ್ಲಿದರೆ, ಈ ಕೇಂದ್ರ ಮುಚ್ಚಿ ದೊಡ್ಡಾಸ್ಪತ್ರೆಗೆ ಸೇರಿಸಲಾಗುವುದು. ದೊಡ್ಡಾಸ್ಪತ್ರೆ ಇದ್ದದ್ದು ಸೇತುವೆಯಾಚೆ. ಅಲ್ಲಿಂದ ಯಾವ ನರ್ಸೂ ಸೈಕಲ್ ಅಂಗಡಿಯ ಮೆಟ್ಟಿಲು ಹತ್ತಿ ಬರುವುದಿಲ್ಲ ಎನ್ನುವುದು ಅವನಿಗೆ ಯಾರೂ ಹೇಳದೆ ಗೊತ್ತಾಯಿತು.

ಮುಂದಿನ ಲಸಿಕೆ ದಿನ ಬೆಳಿಗ್ಗೆ ಅವನು ತನಗೆ ತಿಳಿದ ವಿದ್ಯೆಯನ್ನು ಹೊರತೆಗೆದ. ನಾಲ್ಕು ಡ್ರೈವರುಗಳನ್ನು ಕರೆತಂದು, ಮುಖ ಮುಚ್ಚುವ ಹಾಗೆ ಮಾಸ್ಕ್ ಹಾಕಿಸಿ, ವಾಚನಾಲಯದ ಕುರ್ಚಿಗಳ ಮೇಲೆ ಕೂರಿಸಿದ. ಹೊರಗೆ ನಿಂತು ಕೂಗಿದ. ಬೀದಿಯಲ್ಲಿ ಹೋಗುವವರು ಬಾಗಿಲಿನಿಂದ ಇಣುಕಿದರು. ಒಳಗೆ ಜನ ಇದ್ದಾರೆ ಎಂದಾಗ ಒಬ್ಬ ಟೈಲರ್ ಬಂದು ಕೂತ. ಗಂಡ ಹೆಂಡತಿ ಬಂದರು. ಇನ್ನಿಬ್ಬರು ಬಂದರು. ವಿದ್ಯೆ ಸುಳ್ಳಾಗಲಿಲ್ಲ. ಇನ್ನು ನಾಲ್ವರು ಬಂದರೆ ಬೊಂಬೆಗಳನ್ನು ಒಂದೊಂದಾಗಿ ಎಬ್ಬಿಸಿ ಕಳಿಸುವುದು ಅವನ ಲೆಕ್ಕ.

ಒಂದನ್ನು ಅವನು ಮರೆತಿದ್ದ. ಬೊಂಬೆ ಯಾರು, ಪ್ರಯಾಣಿಕ ಯಾರು ಎಂದು ವ್ಯಾನಿನ ಡ್ರೈವರಿಗೆ ಗೊತ್ತಿರುತ್ತದೆ. ಬೆನ್ನಿಗೆ ತಟ್ಟುವ ತನಕ ಅವನು ಕಾಯುತ್ತಾನೆ. ಸಿಸ್ಟರಿಗೆ ಗೊತ್ತಿರಲಿಲ್ಲ. ಆ ದಿನ ಕಂಪ್ಯೂಟರಿನಲ್ಲಿ ಸರ್ವರ್ ಬೇರೆ ಇರಲಿಲ್ಲ. ಹೆಸರು ಬರೆಸುವುದನ್ನು ಆಮೇಲೆ, ಅರ್ಧ ಗಂಟೆ ಕೂರುವಾಗ ಮಾಡೋಣವೆಂದಿದ್ದರು. ಅವರು ಬಾಗಿಲಲ್ಲಿ ನಿಂತು ತಲೆ ಎಣಿಸಿದರು. ಒಂಬತ್ತು. ಒಳಗೆ ಹೋಗಿ ಸೀಸೆಯ ಮುಚ್ಚಳ ಕಿತ್ತು, ಸಮಯ ಬರೆದು, ಮೊದಲ ಸಿರಿಂಜ್ ತುಂಬಿ ಟೈಲರನ್ನು ಕರೆದರು.

ಇಂಜಿನ್ ಚಾಲೂ ಆದ ಹಾಗೆ. ನಾಲ್ಕು ಬೊಂಬೆಗಳೂ ಸ್ಟ್ಯಾಂಡಿನ ಕಾನೂನಿನ ಪ್ರಕಾರ ಎದ್ದು, ಸದ್ದಿಲ್ಲದೆ, ಒಬ್ಬರ ಹಿಂದೆ ಒಬ್ಬರು ಬಾಗಿಲ ಕಡೆ ನಡೆದರು.

ಸೂಜಿ ಕಂಡು ಹೆದರಿದರೆಂದುಕೊಂಡ ಸಿಸ್ಟರ್ ಟೈಲರಿಗೆ ಚುಚ್ಚಿ ಮುಗಿಸಿ ಅವರ ಹಿಂದೆಯೇ ಅಂಗಳಕ್ಕೆ ಬಂದರು. ಹೆದರಬೇಡಿ, ಇರುವೆ ಕಚ್ಚಿದಷ್ಟೇ ನೋವು ಎಂದರು. ಎಲ್ಲರಿಗಿಂತ ಹಿಂದಿದ್ದ ದಪ್ಪ ಡ್ರೈವರ್ ವಿನಯದಿಂದ ನಿಂತ.

"ಹೆದರಿಕೆ ಏನಿಲ್ಲ ಸಿಸ್ಟರ್. ನಮ್ಮದು ಆಗ್ಲೇ ಆಗಿದೆ. ನಾವು ಸುಮ್ನೆ ಕೂರೋಕೆ ಅಂತ ಬಂದಿದ್ದು."

ಒಂದೇಸೀಟು ಗೇಟಿನಲ್ಲಿ ನಿಂತಿದ್ದ. ಅವನ ಕೂಗು ಅರ್ಧಕ್ಕೇ ನಿಂತಿತು. ಸಿಸ್ಟರ್ ಅವನನ್ನು ಪಕ್ಕಕ್ಕೆ ಕರೆದರು. ದನಿ ಏರಿಸಲಿಲ್ಲ.

"ಐದು ಜನ ಇದ್ದಾರೆ. ನಿಮ್ಮಕ್ಕ ಸೇರಿ ಆರು. ಇನ್ನು ನಾಲ್ಕನ್ನ ಏನ್ ಮಾಡ್ಲಿ ಹೇಳಿ. ನಿಮ್ಮ ಗೆಳೆಯರಿಗೇ ಇನ್ನೊಂದ್ಸಲ ಚುಚ್ಲಾ?"

ಸಿಸ್ಟರ್ ಕೈಗಡಿಯಾರ ನೋಡಿಕೊಂಡರು.

"ಚೆಲ್ಲಿದ್ರೆ ನಾಳೆ ಈ ಬಾಗ್ಲು ಮುಚ್ಚತ್ತೆ. ನಿಮ್ಮಕ್ಕನಿಗೆ ಎರಡನೇ ಡೋಸ್ ಕೊಡೋಕೆ ನಾನಿರಲ್ಲ. ನಾಲ್ಕು ಗಂಟೆ ಟೈಮಿದೆ. ಕರ್ಕೊಂಡು ಬನ್ನಿ, ನಿಜವಾದವ್ರನ್ನ."

ಅವನು ಬೀದಿಗಿಳಿದು ಕೂಗಿದ. ನಾಲ್ಕು ಜನ ಬೇಕು, ಸೀಸೆ ತೆರೆದಿದೆ, ಬರದಿದ್ದರೆ ಚೆಲ್ಲಬೇಕಾಗುತ್ತದೆ. ಅದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ. ಇವನ ಎದೆಗೆ ಯಾರೂ ಒದೆಯಲಿಲ್ಲ, ನಕ್ಕರು. ಯಾವತ್ತೂ ಒಂದೇ ಸೀಟು ಅನ್ನುತ್ತಿದ್ದವನು ಇವತ್ತು ನಾಲ್ಕು ಅನ್ನುತ್ತಿದ್ದಾನೆ, ಹಾಗಾದರೆ ಒಳಗೆ ನಲವತ್ತು ಖಾಲಿ ಇರಬೇಕು ಎಂದು ಔಷಧಿ ಅಂಗಡಿಯ ಮುಂದಿನ ಸಾಲಿನಲ್ಲಿ ಯಾರೋ ಅಂದರು. ತನ್ನ ದನಿಯೇ ತನಗೆ ಅಡ್ಡ ಬಂದದ್ದು ಅವನಿಗೆ ಅರ್ಥವಾಯಿತು. ಕೂಗುವುದನ್ನು ನಿಲ್ಲಿಸಿ ಬಾಗಿಲಿಂದ ಬಾಗಿಲಿಗೆ ನಡೆದ.

ಬಹಳ ಬಾಗಿಲು ತೆರೆಯಲಿಲ್ಲ. ತೆರೆದವರಲ್ಲಿ ಕೆಲವರದ್ದು ಆಗಿತ್ತು, ಕೆಲವರು ನಾಳೆ ನೋಡೋಣ ಎಂದರು. ಹಿಟ್ಟಿನ ಗಿರಣಿ ತಲುಪುವ ಹೊತ್ತಿಗೆ ಅರ್ಧಕ್ಕಿಂತ ಹೆಚ್ಚು ಸಮಯ ಹೋಗಿತ್ತು. ಗಿರಣಿಯವನು ರೆಪ್ಪೆಯ ತನಕ ಹಿಟ್ಟು ಮೆತ್ತಿಕೊಂಡು ಯಂತ್ರದ ಬಾಯಿಗೆ ಧಾನ್ಯ ಸುರಿಯುತ್ತಿದ್ದ. ಅವನ ಹೆಂಡತಿ ತಕ್ಕಡಿಯ ಹತ್ತಿರ, ಕೆಲಸದವನು ಚೀಲ ಹೊಲಿಯುತ್ತ. ವಿಷಯ ಕೇಳಿದ ಗಿರಣಿಯವನು ಯಂತ್ರದ ಸದ್ದಿನ ಮೇಲೆ ಕೂಗಿ ಕೇಳಿದ: ತಾನು ದಿನವಿಡೀ ಮೂಟೆ ಎತ್ತುವವನು, ಚುಚ್ಚಿಸಿಕೊಂಡ ಮೇಲೆ ಕೈ ಏಳದಿದ್ದರೆ?

ವ್ಯಾನಿನ ಬಾಗಿಲಲ್ಲಾದರೆ ಇದಕ್ಕೆ ಉತ್ತರ ಪ್ರಶ್ನೆಗಿಂತ ಮೊದಲೇ ಬಂದಿರುತ್ತಿತ್ತು. ಅವನು ಚುಚ್ಚಿಸಿಕೊಂಡ ತನ್ನ ತೋಳನ್ನು ಒಮ್ಮೆ ಎತ್ತಿ ನೋಡಿದ.

"ನಂಗೆ ಎರಡು ದಿನ ನೋವಿತ್ತು. ಕೈ ಏಳ್ತಿತ್ತು. ಆದ್ರೆ ನಾನು ಮೂಟೆ ಎತ್ತೋನಲ್ಲ. ನಾಳೆ ನೀನು ಎತ್ತೋಕಾಗತ್ತಾ ಅಂದ್ರೆ, ಗೊತ್ತಿಲ್ಲ. ಸಿಸ್ಟರ್‌ನ ಕೇಳೋಣ ಬಾ."

ಗಿರಣಿಯವನು ಸ್ವಿಚ್ ಆರಿಸಿದ. ಯಂತ್ರ ನರಳುತ್ತ ನಿಂತಿತು.

"ಏನಂದೆ?"

"ಗೊತ್ತಿಲ್ಲ ಅಂದೆ."

ಗಿರಣಿಯವನು ಹೆಂಡತಿಯ ಕಡೆ ತಿರುಗಿದ. "ಕೇಳಿದ್ಯಾ? ಇವನ ಬಾಯಲ್ಲಿ ಗೊತ್ತಿಲ್ಲ ಅಂತ ಬಂತು. ವಿಷಯ ದೊಡ್ಡದೇ ಇರ್ಬೇಕು ಕಣೆ, ನಡಿ."

ಮೂವರೂ ಹೊರಟರು. ಎದುರಿಗೆ ಬೀಗ ರಿಪೇರಿಯವನ ಗೂಡಂಗಡಿ. ಗಿರಣಿ ಹಗಲಲ್ಲಿ ನಿಂತದ್ದನ್ನು ನೋಡಿರದ ಅವನು ಏನಾಯಿತೆಂದು ಕೇಳಿದ. ಕೇಳಿ, ತಾನೂ ಬರುತ್ತೇನೆ, ನೀವು ಮುಂದೆ ನಡೆಯಿರಿ ಎಂದ. ನಾಲ್ಕು ಜನ ಆಯಿತು. ಕೇಂದ್ರದಲ್ಲಿ ಗಿರಣಿಯವನ ಪ್ರಶ್ನೆಗೆ ಸಿಸ್ಟರ್, ನಾಳೆ ನಾಡಿದ್ದು ಮೂಟೆ ಬೇಡ, ಬಲಗೈಯವರಾದರೆ ಎಡಗೈಗೆ ಹಾಕುತ್ತೇನೆ, ಬಲಗೈಯವರಾದರೆ ಎಡಗೈಗೆ ಎಂದು ಎರಡು ಸಲ ಹೇಳಿದರು. ಮೂವರದೂ ಮುಗಿಯಿತು. ಸೀಸೆಯಲ್ಲಿ ಇನ್ನೆರಡು ಉಳಿದಿದ್ದವು: ಬೀಗದವನದು, ಅಕ್ಕನದು. ಸಿಸ್ಟರ್ ಮನೆಗೆ ಒಯ್ಯುವ ಪೆಟ್ಟಿಗೆಗೆ ಐಸ್ ತುಂಬಿಡಲು ಹೇಳಿದರು.

ಬೀಗದವನು ಬಂದ. ಒಬ್ಬನೇ ಬರಲಿಲ್ಲ. ಅವನ ತೋಳು ಹಿಡಿದುಕೊಂಡು, ಹೆಜ್ಜೆಗೊಮ್ಮೆ ನಿಲ್ಲುತ್ತ, ಅವನ ತಾಯಿ. ಅಂಗಡಿಯ ಹಿಂದಿನ ಮನೆಯಿಂದ ಅವರನ್ನು ಹೊರಡಿಸಲು ಹೋಗಿದ್ದಕ್ಕೇ ತಡವಾಗಿತ್ತು. "ಅಮ್ಮನ್ನೂ ಕರ್ಕೊಂಡ್ ಬಂದೆ," ಎಂದ, ಒಂದೇ ಓಡಾಟದಲ್ಲಿ ಎರಡು ಕೆಲಸವಾಯಿತು ಎನ್ನುವ ಸಂತೋಷದಲ್ಲಿ.

ಬಂದವರಿಗೆ ಮೊದಲು ಎಂಬುದು ಸಿಸ್ಟರ್ ಮಾಡಿದ ನಿಯಮವಲ್ಲ, ಆದರೆ ಅವರು ಪಾಲಿಸಬೇಕಾದದ್ದು. ಅವರು ಒಂದೇಸೀಟಿನ ಮುಖ ನೋಡಿದರು. ಮುಗಿದುಹೋಯಿತು ಅಜ್ಜಿ ಎಂದು ಅವನೊಂದು ಮಾತು ಅಂದಿದ್ದರೆ ಸಾಕಿತ್ತು. ಮುದುಕಿ ನಂಬಿ ತಿರುಗುತ್ತಿದ್ದರು. ಅಷ್ಟು ಚಿಕ್ಕ ಸುಳ್ಳು ಅವನ ವೃತ್ತಿಯಲ್ಲಿ ಸುಳ್ಳಿನ ಲೆಕ್ಕಕ್ಕೇ ಬರುತ್ತಿರಲಿಲ್ಲ. ಮುದುಕಿ ಮಾಸ್ಕಿನೊಳಗೆ ಏದುಸಿರು ಬಿಡುತ್ತಿದ್ದರು. ಆ ಸದ್ದು ಅವನಿಗೆ ಪರಿಚಯದ್ದಾಗಿತ್ತು.

ಅವನು ಕುರ್ಚಿ ಎಳೆದುಕೊಟ್ಟ. "ಕೂತ್ಕೊಳ್ಳಿ ಅಜ್ಜಿ. ಏನಾದ್ರೂ ತಿಂದಿದೀರಾ?"

ಹತ್ತನೆಯದು ಅವರಿಗೆ ಹೋಯಿತು. ಆಮೇಲೆ ಸಿಸ್ಟರ್ ಹೊಸ ಸಿರಿಂಜ್ ತೆಗೆದು, ಸೀಸೆಯನ್ನು ಬೆಳಕಿಗೆ ತಲೆಕೆಳಗಾಗಿ ಹಿಡಿದು ಎಳೆದರು. ಕೆಲವು ಸೀಸೆಗಳಲ್ಲಿ ಹನ್ನೊಂದನೆಯದಕ್ಕಾಗುವಷ್ಟು ಮಿಕ್ಕಿರುತ್ತದೆ. ಅದರಲ್ಲಿಯೂ ಇತ್ತು, ಗೆರೆ ಮುಟ್ಟಲು ಒಂದು ಕೂದಲೆಳೆ ಕಡಿಮೆ. ಅವರು ಸಿರಿಂಜನ್ನು ಅವನಿಗೆ ತೋರಿಸಿದರು. ಕಡಿಮೆ ಇದ್ದದ್ದನ್ನು ಕೊಡುವ ಹಾಗಿಲ್ಲ, ಕೊಟ್ಟರೆ ಕೊಟ್ಟ ಹಾಗೂ ಅಲ್ಲ ಎಂದರು. ಇನ್ನೊಂದು ಸೀಸೆಯಿಂದ ಸೇರಿಸುವ ಹಾಗೂ ಇಲ್ಲ. ಅವನು ನೋಡಿ ತಲೆಯಾಡಿಸಿದ. ಸಿರಿಂಜ್ ಡಬ್ಬಿಗೆ ಬಿತ್ತು.

ಆ ಸಂಜೆ ತಿರುವಿನಲ್ಲಿ ನಿಂತು ಅಕ್ಕನಿಗೆ ಎಲ್ಲವನ್ನೂ ಹೇಳಿದ, ಬೊಂಬೆಗಳಿಂದ ಹಿಡಿದು. ಬೊಂಬೆಗಳು ಎದ್ದು ಹೋದ ಭಾಗಕ್ಕೆ ಮೇಲಿನಿಂದ ನಗು ಕೇಳಿಸಿತು. ನಗು ಕೆಮ್ಮಾಗಿ, ಕೆಮ್ಮು ನಿಲ್ಲಲು ಹೊತ್ತು ಹಿಡಿಯಿತು. ಅವನು ಓಡಿ ಮೇಲೆ ಹತ್ತುವಂತಿರಲಿಲ್ಲ. ಗೋಡೆಗೆ ಕೈಯೂರಿ ಕಾದ. ಕೆಮ್ಮು ಇಳಿದ ಮೇಲೆ ಅಕ್ಕ ಕೇಳಿದಳು.

"ಆ ಮುದುಕಿಗೆ ಹೇಳಿದ್ಯೇನೋ, ಅದು ನಂದು ಅಂತ?"

"ಇಲ್ಲ."

"ಹೇಳ್ಬೇಡ. ಪಾಪ, ತೋಳು ನೋಯೋ ದಿನ ಮನಸ್ಸೂ ಯಾಕೆ ನೋಯ್ಬೇಕು."

ಮುಂದಿನ ಲಸಿಕೆ ದಿನದವರೆಗೆ ಅವನು ಕೆಳಗೆ ಮಲಗಿ ಅವಳ ಒಂದೊಂದು ಕೆಮ್ಮನ್ನೂ ಕೇಳಿದ: ಇದು ಹಳೆಯದಾ, ಹೊಸದಾ? ಜ್ವರದ ಕಡ್ಡಿಯನ್ನು ಮೆಟ್ಟಿಲ ಮೇಲಿಟ್ಟು, ಅವಳು ಓದಿ ಹೇಳುವ ಅಂಕಿಯನ್ನು ನಂಬಿದ. ಅದೇ ಬೀದಿಯಲ್ಲಿ ಮನೆಯಿದ್ದ ಸೈಕಲ್ ಅಂಗಡಿಯ ಮಾಲೀಕನನ್ನು ಆಸ್ಪತ್ರೆಗೆ ಸೇರಿಸಿದ ಸುದ್ದಿಯನ್ನು ಮಾತ್ರ ಮೇಲಕ್ಕೆ ಹೇಳಲಿಲ್ಲ. ಕಿಟಕಿಯಿಂದ ಆಂಬುಲೆನ್ಸ್ ನೋಡಿದ್ದ ಅವಳೂ ಅದನ್ನು ಕೆಳಕ್ಕೆ ಹೇಳಲಿಲ್ಲ.

ಹತ್ತಕ್ಕೆ ಹತ್ತೂ ಖರ್ಚಾಗಿದ್ದರಿಂದ ಕೇಂದ್ರವನ್ನು ಸದ್ಯಕ್ಕೆ ಮುಚ್ಚಲಿಲ್ಲ. ಅಷ್ಟರಲ್ಲಿ ಗಿರಣಿಯವನು ಮತ್ತೆ ಮೂಟೆ ಎತ್ತುತ್ತಿದ್ದ. ಹಿಟ್ಟಿಗೆ ಬಂದವರೆಲ್ಲ ಅದನ್ನು ನೋಡಿಕೊಂಡು ಹೋಗುತ್ತಿದ್ದರು. ಒಂದೇಸೀಟಿನ ಕೂಗೂ ಬದಲಾಗಿತ್ತು. ಒಳಗೆ ಮೂವರಿದ್ದರೆ ಮೂವರಿದ್ದಾರೆ, ಆರು ಜನ ಬೇಕು ಎಂದು ಕೂಗುತ್ತಿದ್ದ. ಗೇಟಿನಲ್ಲಿ ಕೇಳಿದ ಪ್ರಶ್ನೆಗೆ ಉತ್ತರ ತಿಳಿಯದಿದ್ದರೆ ಗೊತ್ತಿಲ್ಲ ಎಂದು ಒಳಗೆ ಕೈ ತೋರಿಸುತ್ತಿದ್ದ. ಕೆಲವರು ಅವನಿಂದ ಆ ಮಾತು ಕೇಳಲಿಕ್ಕೆಂದೇ ಏನಾದರೂ ಕೇಳುತ್ತಿದ್ದರು. ಮುಂದಿನ ಲಸಿಕೆ ದಿನ ಬೆಳಿಗ್ಗೆ ನಿಧಾನವಾಗಿ, ಮಧ್ಯೆ ಇಬ್ಬರು ಬೇಸತ್ತು ಎದ್ದು ಹೋಗಿ, ಕೊನೆಗೆ ಒಂಬತ್ತು ಆಯಿತು. ಸೀಸೆ ತೆರೆದು, ಒಂಬತ್ತನೆಯವರದು ಮುಗಿದ ಕೂಡಲೇ ಅವನು ಕೂಗು ನಿಲ್ಲಿಸಿ ಗೇಟು ಎಳೆದುಕೊಂಡ.

ಸಿಸ್ಟರ್ ಐಸ್ ಪೆಟ್ಟಿಗೆ ಹಿಡಿದು ಮೆಟ್ಟಿಲು ಹತ್ತಿದರು. ಅವನು ತಿರುವಿನಲ್ಲೇ ನಿಂತ. ಮೇಲೆ ಕುರ್ಚಿ ಎಳೆದ ಸದ್ದು, ತೋಳು ಸಡಿಲ ಬಿಡಿ ಎಂದು ಎರಡು ಸಲ ಹೇಳಿದ್ದು ಕೇಳಿಸಿತು. ಆಯಿತು ಎಂದು ಯಾರೂ ಕೂಗಿ ಹೇಳಲಿಲ್ಲ. ಅರ್ಧ ಗಂಟೆ ಸಿಸ್ಟರ್ ಅಲ್ಲೇ ಕೂತಿರಬೇಕಿತ್ತು. ಮಾತು ತುಂಡು ತುಂಡಾಗಿ ಕೆಳಕ್ಕೆ ಬರುತ್ತಿತ್ತು. ಅಕ್ಕ ಜ್ವರದ ಬಗ್ಗೆ ಕೇಳಿದಳು, ಮಾತ್ರೆ ಎಷ್ಟು ಹೊತ್ತಿಗೊಂದು ಎಂದು ಕೇಳಿದಳು. ಆಮೇಲೆ ದನಿ ತಗ್ಗಿಸಿದಳು. ಆ ಮೆಟ್ಟಿಲಿನಲ್ಲಿ ದನಿ ತಗ್ಗಿಸಿದರೆ ಇನ್ನೂ ಚೆನ್ನಾಗಿ ಕೇಳುತ್ತದೆ.

"ಇನ್ನು ಅವನು ಮೇಲೆ ಬಂದು ಮಲಗ್ಬಹುದಾ ಸಿಸ್ಟರ್? ಕೆಳಗೆ ಥಂಡಿ."

"ಈಗ್ಲೇ ಬೇಡಮ್ಮ. ಇದು ಕೆಲಸ ಶುರು ಮಾಡೋಕೆ ದಿನ ಬೇಕು. ಎರಡನೇದೂ ಆಗ್ಲಿ."

"ಅದಕ್ಕೂ ಒಂಬತ್ತು ಜನ ಬರ್ಬೇಕಾ?"

"ಬರ್ಬೇಕು."

ಆಮೇಲೆ ಅಕ್ಕ, ದನಿ ತಗ್ಗಿಸದೆ, ಮೆಟ್ಟಿಲಿಗೇ ಹೇಳುವಂತೆ ಹೇಳಿದಳು.

"ಲೋ, ಮೇಲೆ ಇನ್ನೊಂದು ಕಂಬಳಿ ಇದೆ. ಬಾಗಿಲ ಹತ್ರ ಇಡ್ತೀನಿ, ಸಿಸ್ಟರ್ ಹೋದ್ಮೇಲೆ ತಗೊಂಡ್ ಹೋಗು."